ಪೇಷಂಟ್ ಕಡೆಯವರು

ಮುರಿದ ಎಲುಬು ತಾನು ಯಾವತ್ತು ಮುರಿದೆ ಎಂದು ಬಾಯಿ ಬಿಟ್ಟು ಹೇಳುವಂತಿದ್ದರೆ ಏನಾದೀತು? ಮುಗಳಿಕೊಪ್ಪದ ತಾಲ್ಲೂಕು ಆಸ್ಪತ್ರೆಗೆ ಆ ಯಂತ್ರ ಬಂದ ವರ್ಷ ಈ ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳಲಿಲ್ಲ. ಅದು ಬಂದದ್ದೇ ಬೇರೆ ಕೆಲಸಕ್ಕೆ. ಹೆಂಗಸರ ಎಲುಬು ಸವೆಯುತ್ತಿದೆ, ಮೊದಲೇ ಗೊತ್ತಾದರೆ ಮಾತ್ರೆ ಕೊಟ್ಟು ತಡೆಯಬಹುದು ಎಂದು ಸರಕಾರ ತಾಲ್ಲೂಕಿಗೊಂದರಂತೆ ಕಳಿಸಿಕೊಟ್ಟಿತ್ತು. ಪೆಟ್ಟಿಗೆಯ ಮೇಲೆ ‘ಅಸ್ಥಿಕಾಲಮಾಪಕ’ ಎಂದು ಅಚ್ಚಾಗಿತ್ತು. ಪೆಟ್ಟಿಗೆ ಗುಜರಿಗೆ ಹೋದಾಗ ಹೆಸರೂ ಅದರ ಜೊತೆಗೇ ಹೋಯಿತು. ಆಸ್ಪತ್ರೆಯವರು, ಊರವರು ಎಲ್ಲ ಅದನ್ನು ಕರೆಯುತ್ತಿದ್ದದ್ದು ‘ಪಂಚಾಂಗ’ ಎಂದೇ.

ಹಾಗೆ ಕರೆಯಲು ಕಾರಣವಿತ್ತು. ಮುರಿದ ಎಲುಬು ಕೂಡುವಾಗ ಆ ಜಾಗದಲ್ಲಿ ಹೊಸ ಸುಣ್ಣದಂಶ ಪದರು ಪದರಾಗಿ ಕೂರುತ್ತದೆ. ಆ ಪದರಿನ ಹರಳುಗಳು ದಿನ ಕಳೆದಂತೆ ಬಿಗಿಯುತ್ತ ಹೋಗುತ್ತವೆ, ಹೆಚ್ಚುಕಡಿಮೆ ಎಲ್ಲರಲ್ಲೂ ಒಂದೇ ವೇಗದಲ್ಲಿ. ಕಿವಿಗೆ ಕೇಳಿಸದ ಶಬ್ದವನ್ನು ಮೈಯೊಳಗೆ ಹಾಯಿಸಿದರೆ ಹೊಸ ಬೆಸುಗೆಯ ಮಾರ್ದನಿ ಒಂದು ತೆರ, ಹಳೆಯದರ ಮಾರ್ದನಿ ಇನ್ನೊಂದು ತೆರ. ಸಂತೆಯಲ್ಲಿ ಗಡಿಗೆಯನ್ನು ಬೆರಳಿನಿಂದ ಬಡಿದು ನೋಡಿ ಕೊಳ್ಳುವುದಿಲ್ಲವೇ, ಹಾಗೆ. ಹತ್ತು ಹನ್ನೆರಡು ದಿನ ಆಚೀಚೆ ಆದೀತು, ಆದರೆ ಇಪ್ಪತ್ತು ವರ್ಷದ ಹಿಂದಿನ ಮುರಿತದ ಕಾಲವನ್ನೂ ಅದು ಹೇಳುತ್ತಿತ್ತು. ಅದೂ ಬರೀ ತಾರೀಖಲ್ಲ. ಹಳ್ಳಿಯ ಜನಕ್ಕೆ ತಿಳಿಯಬೇಕೆಂದು ಯಾರೋ ಪುಣ್ಯಾತ್ಮ ಅಧಿಕಾರಿ ಹಬ್ಬ ಹುಣ್ಣಿಮೆಗಳನ್ನೂ ಅದಕ್ಕೆ ತುಂಬಿದ್ದ. ‘ಬಲಗಾಲು, ಮೂರು ವರ್ಷದ ಹಿಂದೆ, ಕಾರಹುಣ್ಣಿಮೆಯ ಸುಮಾರಿಗೆ’ ಎಂದು ಅಚ್ಚಕನ್ನಡದಲ್ಲಿ ಚೀಟಿ ಹೊರಬರುತ್ತಿತ್ತು. ಎತ್ತು ತುಳಿದದ್ದು ನೆನಪಾಗಿ ಮುದುಕರು ಬಾಯಿ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದರು.

ಯಂತ್ರವನ್ನು ನಡೆಸುವವಳು ನೀಲಗಂಗಾ. ಎಕ್ಸ್‌ರೇ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಸವೆಸಿದವಳು. ಕೆಲಸದಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆ ಸಹಿಸದವಳು, ದನಿ ಮಾತ್ರ ಇಡೀ ಕಾರಿಡಾರಿಗೆ ಕೇಳುವಂಥದ್ದು. ಫೋಟೋ ತೆಗೆದು ಬಾಗಿಲಿಗೆ ಬಂದು ಅವಳು ‘ಪೇಷಂಟ್ ಕಡೆಯವರು ಯಾರ್ರೀ?’ ಎಂದು ಕೂಗಿದರೆ ಹೊರಗಿನ ಬೇವಿನ ಗಿಡದ ಕೆಳಗೆ ಮಲಗಿದ್ದವರೂ ಎದ್ದು ಬರುತ್ತಿದ್ದರು. ನಮ್ಮ ಆಸ್ಪತ್ರೆಗಳ ರೀತಿಯೇ ಹಾಗಲ್ಲವೇ. ರೋಗಿ ಮೈಯನ್ನಷ್ಟೇ ತರುವುದು. ಕಾಗದ, ಫಿಲ್ಮು, ಚೀಟಿ ಎಲ್ಲ ಜೊತೆಗೆ ಬಂದವರ ಪ್ಲಾಸ್ಟಿಕ್ ಚೀಲದಲ್ಲಿ. ರೋಗಿಗೆ ಏನಾಗಿದೆ ಎಂದು ಊರಿಗೆಲ್ಲ ಗೊತ್ತಾದ ಮೇಲೆ ಕೊನೆಗೆ ರೋಗಿಗೂ ತಿಳಿಯುತ್ತದೆ. ಇದರಲ್ಲಿ ತಪ್ಪೇನಿದೆ ಎಂದು ನೀಲಗಂಗಾ ಎಂದೂ ಯೋಚಿಸಿರಲಿಲ್ಲ.

ಕಾರ್ತಿಕದ ಒಂದು ಸೋಮವಾರ ಮಧ್ಯಾಹ್ನ ಭುವನೇಶ್ವರಿ ಬಂದಳು. ವಯಸ್ಸು ಮೂವತ್ತೊಂದು. ಬಲ ಮಣಿಕಟ್ಟು ಊದಿಕೊಂಡು ಸೊಟ್ಟಗಾಗಿತ್ತು. ಬಚ್ಚಲಲ್ಲಿ ಕಾಲು ಜಾರಿತು ಎಂದರು. ಹೇಳಿದವನು ಗಂಡ ಸಂಗಮೇಶ. ಅವನನ್ನು ಆಸ್ಪತ್ರೆಯಲ್ಲಿ ಯಾರೂ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ. ಗೇಟಿನ ಎದುರಿನ ಮೆಡಿಕಲ್ ಶಾಪು ಅವನದೇ. ಮೆತ್ತಗೆ ಮಾತಾಡುವ, ಮುದುಕರಿಗೆ ಮಾತ್ರೆ ನುಂಗುವ ರೀತಿಯನ್ನು ಮೂರು ಸಲ ಬಿಡಿಸಿ ಹೇಳುವ ಮನುಷ್ಯ. ನೀಲಗಂಗಾಳ ಬಿಪಿ ಮಾತ್ರೆ ತಿಂಗಳ ಒಂದನೇ ತಾರೀಖಿಗೆ ಅವಳು ಕೇಳುವ ಮೊದಲೇ ಕಟ್ಟಿಟ್ಟಿರುತ್ತಿದ್ದ. ಅಂಥವನ ಹೆಂಡತಿ ಎಂದ ಮೇಲೆ ಸಾಲಿನಲ್ಲಿ ನಿಲ್ಲಿಸುವುದುಂಟೇ? ಎಕ್ಸ್‌ರೇ ಆಯಿತು. ಡಾಕ್ಟರು ಎಲುಬಿನ ಗಟ್ಟಿತನವನ್ನೂ ನೋಡಿಬಿಡಿ ಎಂದಿದ್ದರಿಂದ ಪಂಚಾಂಗದ ಮೇಲೂ ಮಲಗಿಸಿದ್ದಾಯಿತು. ಕೋಣೆಯೊಳಗೆ ಸಂಗಮೇಶ, ಅವನ ತಾಯಿ, ಪಕ್ಕದ ಮನೆಯ ಹೆಂಗಸು ಎಲ್ಲ ನಿಂತಿದ್ದರು. ನೀಲಗಂಗಾ ಬಾಗಿಲಿಗೆ ಬಂದು ರೂಢಿಯಂತೆ ‘ಪೇಷಂಟ್ ಕಡೆಯವರು’ ಎಂದು ಕೂಗಿದಳು, ಎರಡು ಮಾರು ದೂರದಲ್ಲೇ ಇದ್ದ ಸಂಗಮೇಶ ನಕ್ಕು ಕೈಚಾಚಿದ, ಅವಳು ಚೀಟಿ ಹರಿದು ಕೊಟ್ಟಳು. ಓದದೆ ಕೊಟ್ಟಳು.

ಅವನು ಓದಿದ. ಮೆಡಿಕಲ್ ಶಾಪಿನವನಿಗೆ ಅದೆಷ್ಟು ಹೊತ್ತಿನ ಕೆಲಸ. ಮುಖದಲ್ಲಿ ಏನೂ ಬದಲಾಗಲಿಲ್ಲ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ.

‘ಮಷಿನ್ ಭಾಳ ಶಾಣ್ಯಾ ಐತ್ರಿ ಅಕ್ಕಾರ’ ಎಂದ.

ಆಗ ನೀಲಗಂಗಾ ಭುವನೇಶ್ವರಿಯ ಮುಖ ನೋಡಿದಳು. ಅವಳು ತನ್ನ ಕೈಯನ್ನಾಗಲಿ ಗಂಡನ ಮುಖವನ್ನಾಗಲಿ ನೋಡುತ್ತಿರಲಿಲ್ಲ. ಆ ಕಿಸೆಯನ್ನು ನೋಡುತ್ತಿದ್ದಳು.

ಪ್ಲಾಸ್ಟರ್ ಹಾಕಿಸಿಕೊಂಡು ಅವರು ಹೋದ ಮೇಲೆ ನೀಲಗಂಗಾ ಪರದೆಯ ಮೇಲೆ ಚೀಟಿಯ ಪ್ರತಿ ತೆಗೆದಳು. ಐದು ಸಾಲಿತ್ತು. ಬಲ ಮಣಿಕಟ್ಟು, ಹೊಸ ಮುರಿತ. ಎಡ ಕೊರಳೆಲುಬು, ಹೋದ ವರ್ಷ, ನಾಗರಪಂಚಮಿಯ ಸುಮಾರಿಗೆ. ಪಕ್ಕೆಲುಬು ಎರಡು, ಮೂರು ವರ್ಷದ ಹಿಂದೆ, ಮಹಾನವಮಿಯ ಸುಮಾರಿಗೆ. ಎಡ ಕಿರುಬೆರಳು, ಐದು ವರ್ಷದ ಹಿಂದೆ, ಎಳ್ಳಮಾವಾಸ್ಯೆ. ಎಡ ಮೊಳಕೈ, ಹತ್ತೊಂಬತ್ತು ವರ್ಷದ ಹಿಂದೆ, ಹೋಳಿಹುಣ್ಣಿಮೆ. ಹಳೆಯ ರಿಜಿಸ್ಟರ್ ಹುಡುಕಿದಳು. ಇವುಗಳಲ್ಲಿ ಒಂದಕ್ಕೂ ಭುವನೇಶ್ವರಿ ಈ ಆಸ್ಪತ್ರೆಯ ಮೆಟ್ಟಿಲು ಹತ್ತಿರಲಿಲ್ಲ. ಯಾಕೆ ಹತ್ತುತ್ತಾಳೆ? ನೋವಿನ ಮಾತ್ರೆ, ಕ್ರೇಪ್ ಬ್ಯಾಂಡೇಜು, ಕೈ ತೂಗುಹಾಕುವ ಪಟ್ಟಿ ಎಲ್ಲ ಗಂಡನ ಅಂಗಡಿಯಲ್ಲೇ ಇದ್ದವು.

ನೀಲಗಂಗಾ ಅದನ್ನು ಅಚ್ಚು ಹಾಕಿಕೊಂಡು ಕಾಲೆಳೆಯುತ್ತ ಡಾಕ್ಟರ್ ತಬಸ್ಸುಮ್ ಕೋಣೆಗೆ ಹೋದಳು. ತಬಸ್ಸುಮ್ ವಿಜಯಪುರದ ಕಡೆಯವರು, ಈ ಆಸ್ಪತ್ರೆಗೆ ಬಂದು ಎರಡು ವರ್ಷ, ಮಾತು ಕಡಿಮೆ.

‘ಡಾಕ್ಟರ್ ಬಾಯಾರ, ನನ್ನಿಂದ ದೊಡ್ಡ ತಪ್ಪಾಗೇತ್ರಿ. ಪೊಲೀಸರಿಗೆ ಫೋನ್ ಮಾಡ್ರಿ.’

ಡಾಕ್ಟರು ಐದೂ ಸಾಲು ಓದಿದರು. ಎರಡು ಸಲ ಓದಿದರು.

‘ಫೋನ್ ಮಾಡೂದು ದೊಡ್ಡ ಮಾತಲ್ಲ. ಸಂಜೀಮುಂದ ಅಕಿ ಯಾರ ಮನೀಗೆ ಹೋಗ್ತಾಳ?’

ನೀಲಗಂಗಾ ಕುರ್ಚಿ ಎಳೆದುಕೊಂಡು ಕೂತಳು.

‘ಅಕಿಗೆ ಏನ ಬೇಕಾಗೇತಿ ಅಂತ ಅಕಿನ್ನ ಯಾರೂ ಕೇಳಿಲ್ಲ. ಕೇಳದನ ನಾವು ಅಕಿ ಬಗ್ಗೆ ನಿರ್ಧಾರ ಮಾಡಿದ್ರ ಅಂವಗೂ ನಮಗೂ ಏನ ಫರಕ್?’ ಎಂದರು ಡಾಕ್ಟರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ತಪ್ಪು ನಿಮ್ಮದೊಂದ ಅಲ್ಲ. ಪ್ಲಾಸ್ಟರ್ ಹಾಕುಮುಂದ ಹ್ಯಾಂಗ ಬಿದ್ದೆವಾ ಅಂತ ನಾನೂ ಕೇಳೇನಿ. ಅಂವ ಹೇಳಿದ. ನಾ ಬರಕೊಂಡೆ.’

ಅಂದಿನಿಂದ ನೀಲಗಂಗಾ ಒಂದು ಗಂಟೆಯಾಯಿತೆಂದರೆ ಯಂತ್ರದ ಕೋಣೆಯ ಕಿಟಕಿಗೆ ಬಂದು ನಿಲ್ಲತೊಡಗಿದಳು. ದಿನಾ ಆ ಹೊತ್ತಿಗೆ ಭುವನೇಶ್ವರಿ ಗಂಡನ ಊಟದ ಡಬ್ಬಿ ತರುತ್ತಿದ್ದದ್ದು ಇಡೀ ರಸ್ತೆಗೆ ಗೊತ್ತಿತ್ತು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಸಂಗಮೇಶನೇ ಷಟರ್ ಅರ್ಧ ಎಳೆದು ಮನೆಗೆ ಊಟಕ್ಕೆ ಹೋಗಿಬರುತ್ತಿದ್ದ, ಬಂದು ಎಂದಿನಂತೆ ಮುದುಕರಿಗೆ ಮಾತ್ರೆ ವಿವರಿಸುತ್ತಿದ್ದ. ಮನೆ ಎಲ್ಲಿದೆ ಎಂದು ನೀಲಗಂಗಾಗೆ ಗೊತ್ತಿತ್ತು. ಹೋಗಿ ಬಾಗಿಲು ಬಡಿದರೆ ಏನೆಂದು ಬಡಿಯುವುದು? ತಾನು ಕೊಟ್ಟ ಚೀಟಿ ಆ ಮನೆಯಲ್ಲಿ ಏನು ಮಾಡಿರಬಹುದು ಎಂದು ನೆನೆದು ಊಟದ ತಟ್ಟೆಯನ್ನು ಅರ್ಧಕ್ಕೇ ಸರಿಸಿಬಿಡುತ್ತಿದ್ದಳು.

ಮನೆಯಲ್ಲಿ ಅವಳ ಗಂಡ ಶಿವಪುತ್ರಪ್ಪ, ನಿವೃತ್ತ ಅಂಚೆಯವ, ಇದನ್ನೆಲ್ಲ ಬೇರೆ ಕಡೆಯಿಂದ ಗಮನಿಸಿದ.

‘ಅಲ್ಲ, ಎದುರಿಗೆ ಸಂಗಮೇಶನ ಅಂಗಡಿ ಬಿಟ್ಟು ಮಾತ್ರಿಗೆ ಬಸ್‌ಸ್ಟ್ಯಾಂಡಿನ ತನಕಾ ಹೋಗಿದ್ದೆಂತಲ್ಲ, ಯಾಕ?’

‘ನಡದ್ರ ಬಿಪಿ ಇಳೀತೈತಿ ಅಂತ ಡಾಕ್ಟರು ಹೇಳ್ಯಾರ.’

‘ಮಾತ್ರಿ ತರಾಕ ನಡದ ಬಿಪಿ ಇಳಿಸ್ಕೊಂಡ್ರ ಮಾತ್ರಿ ಯಾಕ ಬೇಕಲೇ? ಸಂಗಮೇಶನಂಥ ಮನುಷ್ಯಾ ಊರಾಗ ಇನ್ನೊಬ್ಬ ಇಲ್ಲ. ಏನರ ಜಗಳಾ ತಗದಿ ಏನ?’

ನಲವತ್ತು ವರ್ಷ ಊರಿನ ಪತ್ರ ಹಂಚಿದವನ ಬಾಯಿಗೆ ಈ ಸುದ್ದಿ ಸಿಕ್ಕರೆ ಸಂಜೆಯೊಳಗೆ ಎಲ್ಲ ಓಣಿಗೂ ಬಟವಾಡೆ ಆಗುವುದು ಅವಳಿಗೆ ಗೊತ್ತಿತ್ತು. ‘ಸಾರು ಆರತೈತಿ, ಉಣ್ರಿ’ ಎಂದಳು.

ಹತ್ತನೇ ದಿನ ಭುವನೇಶ್ವರಿ ಕಂಡಳು. ಬಲಗೈ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ, ಎಡಗೈಯಲ್ಲಿ ಡಬ್ಬಿ. ನಿಧಾನವಾಗಿ ರಸ್ತೆ ದಾಟಿ, ಡಬ್ಬಿ ಕೊಟ್ಟು, ತಿರುಗಿ ಹೋದಳು. ನೀಲಗಂಗಾ ಕಿಟಕಿಯ ಸರಳು ಹಿಡಿದುಕೊಂಡು ಅಲ್ಲೇ ಅತ್ತಳು. ಎಷ್ಟೋ ವರ್ಷದಿಂದ ಅವಳು ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ.

ಮೂರನೆಯ ವಾರ ಸಂಗಮೇಶ ತಾನೇ ಬಂದ. ನಾಲ್ಕು ಮಡಿಕೆಯ ಚೀಟಿ ಬಿಚ್ಚಿ ಮೇಜಿನ ಮೇಲಿಟ್ಟ.

‘ಅಕ್ಕಾರ, ಇದು ನಿಮ್ಮ ಕಂಪ್ಯೂಟರಿನ್ಯಾಗೂ ಇರತೈತೇನ್ರಿ?’

‘ಇರತೈತ್ರಿ.’

‘ಅದ ನೋಡ್ರಿ. ತಪ್ಪಿದ್ದದ್ದು ಅಲ್ಲಿರಬಾರದು. ನಾ ಈ ಮಷಿನ್ನಿನ ಪುಸ್ತಕಾ ಇಂಟರ್ನೆಟ್‌ನ್ಯಾಗ ತಗದು ಪೂರಾ ಓದೇನಿ. ಕೋಣ್ಯಾಗ ಪೇಷಂಟ್ ಬಿಟ್ಟು ಯಾರೂ ಇರಬಾರದಂತ. ಕಾಲಸಪ್ಪಳಕ್ಕ ಸುದ್ದಾ ಅದರ ಲೆಕ್ಕ ತಪ್ಪತೈತಂತ. ಅವತ್ತ ಒಳಗ ನಾ ಇದ್ದೆ, ನಮ್ಮವ್ವ ಇದ್ಲು, ಬಾಜೂ ಮನಿಯವರಿದ್ರು. ಮಷಿನ್ ಏನೇನರ ಬರದೈತಿ. ಇನ್ನೊಮ್ಮೆ ಸರಿಯಾಗಿ ತಗದು ಖರೇ ಚೀಟಿ ಕೊಡ್ರಿ.’

ನೀಲಗಂಗಾಳ ಮೈ ಉರಿಯಿತು. ಇಪ್ಪತ್ತಾರು ವರ್ಷದಲ್ಲಿ ತನ್ನ ಫೋಟೋ ತಪ್ಪು ಎಂದವರಿರಲಿಲ್ಲ. ಬಾಯಿಗೆ ಬಂದ ಮಾತು ತುಟಿಯ ತನಕ ಬಂತು. ಆದರೆ ಅಲ್ಲೇ ನಿಂತಿತು. ಪುಸ್ತಕದಲ್ಲಿ ಹಾಗೆ ಬರೆದಿರುವುದು ನಿಜವಾಗಿತ್ತು. ಯಂತ್ರ ಬಂದ ಮೊದಲ ದಿನ ಅವಳೇ ಆ ಪುಟ ಓದಿ, ನಮ್ಮ ಜನ ಒಬ್ಬರೇ ಎಲ್ಲಿ ಬರುತ್ತಾರೆ ಎಂದು ನಕ್ಕು ಕಪಾಟಿಗೆ ಸೇರಿಸಿದ್ದಳು. ಈಗ ಈ ಮನುಷ್ಯ, ತಾನೇ ಬಂದು, ಹೆಂಡತಿಯನ್ನು ಒಬ್ಬಳನ್ನೇ ಒಳಗೆ ಬಿಡುತ್ತೇನೆ, ಬಾಗಿಲು ಹಾಕಿಕೊಳ್ಳಿ ಎನ್ನುತ್ತಿದ್ದ.

‘ಖರೇ ಐತ್ರಿ ಸಂಗಮೇಶ ಅವರ. ನಮ್ಮದ ತಪ್ಪು. ನಾಳೆ ಹನ್ನೊಂದಕ್ಕ ಕರಕೊಂಡ ಬರ್ರಿ.’

‘ಎಷ್ಟೊತ್ತ ಹಿಡೀತೈತ್ರಿ?’

‘ಸರಿಯಾಗಿ ತಗೀಬೇಕಂದ್ರ ನಲವತ್ತ ನಿಮಿಷ ಬೇಕ್ರಿ.’

ಯಂತ್ರಕ್ಕೆ ಬೇಕಾದದ್ದು ಏಳು ನಿಮಿಷ. ನೌಕರಿಯಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು. ಹೇಳಿ ಮುಗಿಸಿದ ಮೇಲೆ ಮನಸ್ಸಿಗೆ ಹಿತವಾಯಿತು.

ಮರುದಿನ ಸಂಗಮೇಶನೂ ಅವನ ತಾಯಿಯೂ ಹೊರಗಿನ ಬೆಂಚಿನ ಮೇಲೆ ಕೂತರು. ಬಾಗಿಲು ಮುಚ್ಚಿತು. ಕೆಂಪು ದೀಪ ಹತ್ತಿತು. ಭುವನೇಶ್ವರಿ ಒಬ್ಬಳೇ ಮಲಗಿದಳು, ನೀಲಗಂಗಾ ಗಾಜಿನ ಹಿಂದೆ ಹೋದಳು. ಏಳು ನಿಮಿಷವಾಯಿತು. ಹಳೆಯ ಡಾರ್ಕ್‌ರೂಮಿನ ಒಳಬಾಗಿಲಿನಿಂದ ಡಾಕ್ಟರ್ ತಬಸ್ಸುಮ್ ಬಂದು ಸ್ಟೂಲಿನ ಮೇಲೆ ಕೂತರು.

‘ತಂಗಿ, ಅವತ್ತ ಆ ಚೀಟಿ ಅವರ ಕೈಯಾಗ ಕೊಟ್ಟಾಕಿ ನಾ. ಓದದ ಕೊಟ್ಟೆ. ತಪ್ಪಾತವಾ’ ಎಂದಳು ನೀಲಗಂಗಾ.

ಭುವನೇಶ್ವರಿ ಬಾಗಿಲ ಕಡೆ ನೋಡಿದಳು. ‘ಬಚ್ಚಲದಾಗ ಬಿದ್ದಿದ್ದೆ ರೀ’ ಎಂದಳು, ಪಾಠ ಒಪ್ಪಿಸುವವಳ ಹಾಗೆ.

‘ಆತು, ಬಿದ್ದಿ ಅಂತನ ಇರಲಿ’ ಎಂದರು ಡಾಕ್ಟರು. ‘ನೀ ಏನ ಹೇಳಿದ್ರೂ, ಹೇಳದಿದ್ರೂ ನಿನ್ನ ಕೈ ನಾ ನೋಡೇ ನೋಡ್ತೀನಿ. ಇನ್ನ ಅರ್ಧ ತಾಸು ಈ ಬಾಗಲಾ ತಗಿಯಂಗಿಲ್ಲ. ಸುಮ್ನ ಕುಂತು ಹೋದ್ರೂ ನಡೀತೈತಿ. ಒಂದ ಕೇಳ್ತೀನಿ. ಮನ್ಯಾಗ ನಿನಗ ಅಂಜಿಕಿ ಐತೇನವಾ?’

ಭುವನೇಶ್ವರಿ ಪರದೆಯ ಕಡೆ ತಿರುಗಿ ಓದತೊಡಗಿದಳು. ಈ ಸಲ ಆರು ಸಾಲಿತ್ತು. ಮೊದಲ ಸಲ ಗದ್ದಲದಲ್ಲಿ ತಪ್ಪಿಹೋಗಿದ್ದ ಎಡ ದವಡೆಯ ಒಂದು ಸಣ್ಣ ಬಿರುಕನ್ನು ಯಂತ್ರ ನಿಶ್ಶಬ್ದದಲ್ಲಿ ಹಿಡಿದಿತ್ತು. ಸಂಗಮೇಶ ಹೇಳಿದ್ದು ಸರಿ, ಪುಸ್ತಕದ ಪ್ರಕಾರ ಮಾಡಿದರೆ ಲೆಕ್ಕ ಚೊಕ್ಕ ಬರುತ್ತದೆ. ಅವಳ ಕಣ್ಣು ಒಂದೊಂದೇ ಸಾಲು ಇಳಿದು ಕಡೆಯದರ ಮೇಲೆ ನಿಂತಿತು. ಎಡ ಮೊಳಕೈ, ಹೋಳಿಹುಣ್ಣಿಮೆ. ಇದ್ದಕ್ಕಿದ್ದಂತೆ ಅವಳ ಮುಖದಲ್ಲಿ ನಗೆ ಮೂಡಿತು.

‘ಇದು ಅವರು ಮಾಡಿದ್ದಲ್ರಿ’ ಎಂದಳು. ‘ಹುಣಸಿ ಗಿಡದಿಂದ ಬಿದ್ದಿದ್ದು. ಹನ್ನೆರಡು ವರ್ಷದಾಕಿದ್ದೆ. ನಮ್ಮ ತಂಗಿ ಬ್ಯಾಡ ಬ್ಯಾಡ ಅಂದ್ರೂ ಕೇಳಲಿಲ್ಲ. ತುದೀತನಕಾ ಹತ್ತಿದ್ದೆ ರೀ.’

ಹೇಳಿ ಮುಗಿಸಿದ ಮೇಲೆ ಅವಳಿಗೆ ತಾನು ಏನು ಹೇಳಿದೆ ಎಂದು ಹೊಳೆಯಿತು. ಮೂವರಿಗೂ ಹೊಳೆಯಿತು. ನೀಲಗಂಗಾ ಮೂರು ವಾರದಿಂದ ಈ ಐದೂ ಸಾಲನ್ನು ಅವನ ತಲೆಗೇ ಕಟ್ಟಿ ಹಲ್ಲು ಕಡಿಯುತ್ತಿದ್ದಳು. ಹತ್ತೊಂಬತ್ತು ವರ್ಷದ ಹಿಂದೆ ಈ ಹುಡುಗಿಗೆ ಅವನ ಹೆಸರೂ ಗೊತ್ತಿರಲಿಕ್ಕಿಲ್ಲ ಎಂಬ ಸಾದಾ ಲೆಕ್ಕ ಅವಳಿಗೆ ಹೊಳೆದಿರಲಿಲ್ಲ.

ಆಮೇಲೆ ಭುವನೇಶ್ವರಿ ತಾನಾಗಿಯೇ ಹೇಳುತ್ತ ಹೋದಳು, ಹುಣಸೆ ಗಿಡದಿಂದ ಮೇಲಕ್ಕೆ ಸಾಲು ಸಾಲಾಗಿ. ಮಗಳು ಹೊಟ್ಟೆಯಲ್ಲಿದ್ದಾಗ ಅವನು ಬೈಯುತ್ತಲೂ ಇರಲಿಲ್ಲ. ಕಿರುಬೆರಳು, ಬಾಗಿಲ ಸಂದಿಯಲ್ಲಿ. ಪಕ್ಕೆಲುಬು, ಬನ್ನಿ ಕೊಡಲು ಹೋದ ಮನೆಯಲ್ಲಿ ಹೆಚ್ಚು ಹೊತ್ತು ಕೂತಿದ್ದಕ್ಕೆ. ನಾಗರಪಂಚಮಿಗೆ ತವರಿಗೆ ಹೋಗಲಾಗಲಿಲ್ಲ, ಜೋಕಾಲಿಯಿಂದ ಬಿದ್ದೆ ಎಂದು ಫೋನಿನಲ್ಲಿ ಹೇಳಿದ್ದಳು. ಅವರು ನಂಬಿದರು. ಪ್ರತಿ ಸಲವೂ ಅವನೇ ಪಟ್ಟಿ ಕಟ್ಟುತ್ತಿದ್ದ, ಹೊತ್ತು ಹೊತ್ತಿಗೆ ಮಾತ್ರೆ ಕೊಡುತ್ತಿದ್ದ. ಚೀಟಿ ಸಿಕ್ಕ ದಿನ ಕೈ ಮಾಡಲಿಲ್ಲ. ಗೋಡೆಗೆ ಅಂಟಿಸಿ ದಿನಾ ಬೆಳಿಗ್ಗೆ ಅವಳಿಂದ ಗಟ್ಟಿಯಾಗಿ ಓದಿಸಿದ, ಪ್ರತಿ ಸಾಲಿನ ಮುಂದೆ ‘ನಾನೇ ಬಿದ್ದೆ’ ಎಂದು ಸೇರಿಸಿ ಓದಬೇಕು. ಒಂಬತ್ತು ದಿನ. ಮನೆಯಿಂದ ಹೊರಗೆ ಬಿಡಲಿಲ್ಲ.

ಅವಳು ಪರದೆಯನ್ನು ಇನ್ನೊಮ್ಮೆ ನೋಡಿದಳು. ‘ಎಲುಬಿಗೆ ಹತ್ತಲಾರದ್ದು ಇದರಾಗ ಬರಂಗಿಲ್ಲೇನ್ರಿ ಅಕ್ಕಾರ?’

‘ಇಲ್ಲವಾ.’

‘ಹಂಗಾರ ಭಾಳ ಉಳೀತ್ರಿ.’

ನೀಲಗಂಗಾ ಕಾಗದ ಪೆನ್ನು ತೆಗೆದುಕೊಂಡಳು. ಯಂತ್ರಕ್ಕೆ ಕಾಣದ್ದನ್ನು ಭುವನೇಶ್ವರಿ ಹೇಳಿದ ಮಾತಿನಲ್ಲೇ, ಒಂದಕ್ಷರ ಸೇರಿಸದೆ ಬರೆದಳು. ಎರಡು ಹಾಳೆ ತುಂಬಿತು. ಡಾಕ್ಟರು ಕೆಳಗೆ ಸಹಿ, ತಾರೀಖು ಹಾಕಿದರು. ಆಮೇಲೆ ನಿಧಾನವಾಗಿ ಇರುವ ದಾರಿಗಳನ್ನು ಹೇಳಿದರು. ಜಿಲ್ಲೆಯಲ್ಲಿ ಇದಕ್ಕೆಂದೇ ಒಬ್ಬರು ಸಂರಕ್ಷಣಾಧಿಕಾರಿ ಇದ್ದಾರೆ. ಅವನು ಹತ್ತಿರ ಬಾರದಂತೆ ಕೋರ್ಟು ಆದೇಶ ಕೊಡಬಲ್ಲದು. ಇರಲು ಜಾಗವಿದೆ. ಪೊಲೀಸರಿದ್ದಾರೆ.

‘ಯಾವುದು ಬೇಕು, ಯಾವಾಗ ಬೇಕು ಅನ್ನೋದು ನಿನ್ನ ಮನಸ್ಸು. ನಿನ್ನ ಜೀವಕ್ಕ ಅಪಾಯ ಐತಿ ಅನಿಸಿದ್ರ ಮಾತ್ರ ನಾ ಸುಮ್ಮನಿರಂಗಿಲ್ಲ. ಅದನ್ನ ಮೊದಲ ಹೇಳಿಬಿಡ್ತೀನಿ.’

ಭುವನೇಶ್ವರಿ ಎಡಗೈ ಬೆರಳಿನಲ್ಲಿ ತಿಂಗಳು ಎಣಿಸಿದಳು. ‘ಈಗ ಬ್ಯಾಡ್ರಿ. ಮಗಳು ಎರಡನೇ ಕ್ಲಾಸಿನ್ಯಾಗ ಅದಾಳ, ಪರೀಕ್ಷಾ ಮುಗೀಲಿ. ಧಾರವಾಡದಾಗ ನಮ್ಮ ತಂಗಿಗೆ ಏಪ್ರಿಲ್‌ದಾಗ ಕ್ವಾರ್ಟರ್ಸ್ ಸಿಗತೈತಿ. ಅಲ್ಲೀತನಕಾ ನಾ ಹುಷಾರ ಇರ್ತೀನಿ. ನನಗ ಗೊತ್ತೈತ್ರಿ ಹ್ಯಾಂಗ ಇರಬೇಕಂತ.’

ಏಪ್ರಿಲ್‌ಗೆ ಇನ್ನೂ ನಾಲ್ಕು ತಿಂಗಳಿತ್ತು. ನೀಲಗಂಗಾ ಬಾಯಿ ತೆರೆದಳು. ಡಾಕ್ಟರು ಕಣ್ಣಲ್ಲೇ ಬೇಡವೆಂದರು.

‘ಈ ಕಾಗದ ನಿಮ್ಮ ಕಡೇನ ಇರಲ್ರಿ. ಮನ್ಯಾಗ ಇಡಾಕ ಜಾಗಾ ಇಲ್ಲ. ಅವರಿಗೆ ಮಾತ್ರ ಅವರ ಮನಸ್ಸಿಗೆ ಬರೂವಂಥಾ ಚೀಟಿ ಕೊಡ್ರಿ. ಇಲ್ಲಂದ್ರ…’

‘ಸುಳ್ಳ ಚೀಟಿ ನಾ ಕೊಡಂಗಿಲ್ಲ. ಆದ್ರ ನೀ ಬಂದದ್ದು ಎಲುಬಿನ ಗಟ್ಟಿತನಾ ತೋರಿಸಾಕ. ಅದನ್ನಷ್ಟ ಕೊಡ್ತೀನಿ. ಉಳಿದದ್ದು ನಿಂದು, ದಾಖಲೆ ವಿಭಾಗದಾಗ ಕೀಲಿ ಹಾಕಿ ಇಡ್ತೇವಿ’ ಎಂದರು ಡಾಕ್ಟರು.

ಹೊರಡುವ ಮುನ್ನ ಒಂದು ಗೊತ್ತುಪಾಡಾಯಿತು. ದಿನಾ ಒಂದು ಗಂಟೆಗೆ ನೀಲಗಂಗಾ ಕಿಟಕಿಯಲ್ಲಿರುತ್ತಾಳೆ. ಸಹಾಯ ಬೇಕಾದ ದಿನ ಭುವನೇಶ್ವರಿ ಡಬ್ಬಿಯನ್ನು ಅಂಗಡಿಗೆ ಒಯ್ಯದೆ ನೇರ ಆಸ್ಪತ್ರೆಯ ಒಳಗೆ ಬರುವುದು. ಬಂದರೆ ಸಾಕು, ಏನೂ ಹೇಳಬೇಕಾಗಿಲ್ಲ.

ಬಾಗಿಲು ತೆರೆಯಿತು. ಸಂಗಮೇಶ ಚೀಟಿಗೆ ಕೈಚಾಚಿದ. ‘ಎಲುಬಿನ ಗಟ್ಟಿತನ ಮಧ್ಯಮ. ಸುಣ್ಣದಂಶದ ಮಾತ್ರೆ ಮೂರು ತಿಂಗಳು’ ಎಂದಷ್ಟೇ ಇತ್ತು.

‘ನೋಡಿದ್ರಿಲ್ಲ ಅಕ್ಕಾರ, ನಾ ಹೇಳಿರಲಿಲ್ಲೇನು?’ ಎಂದು ನಕ್ಕ.

‘ಹೌದ್ರಿ, ನೀವು ಹೇಳಿದ್ದ ಖರೇ ಆತು’ ಎಂದಳು ನೀಲಗಂಗಾ. ಅವಳ ಬದುಕಿನಲ್ಲಿ ಇಷ್ಟು ಕಷ್ಟದ ಮಾತು ಇನ್ನೊಂದಿರಲಿಲ್ಲ.

ಆ ವಾರವೇ ಯಂತ್ರದ ಕೋಣೆಯ ಮುಂದೆ ಒಂದು ಬೋರ್ಡು ಬಂತು. ‘ಯಂತ್ರಕ್ಕೆ ಸಪ್ಪಳ ಆಗದು. ಒಬ್ಬರೇ ಒಳಗೆ ಬನ್ನಿ.’ ಜನ ಗೊಣಗಿದರು. ಯಂತ್ರಕ್ಕೆ ಇಷ್ಟು ಸೊಕ್ಕೇ ಎಂದರು. ಆದರೆ ಯಂತ್ರದ ಮಾತನ್ನು ಮೀರುವವರಿರಲಿಲ್ಲ, ಮನುಷ್ಯರು ಹೇಳಿದ್ದರೆ ಯಾರು ಕೇಳುತ್ತಿದ್ದರು. ಬಾಗಿಲು ಹಾಕಿದ ಮೇಲೆ ನೀಲಗಂಗಾ ಪ್ರತಿಯೊಬ್ಬಳಿಗೂ ಮನೆಯಲ್ಲಿ ಅಂಜಿಕೆ ಇದೆಯೇ ಎಂಬ ಅದೇ ಪ್ರಶ್ನೆ ಕೇಳುತ್ತಿದ್ದಳು, ಚೀಟಿಯಲ್ಲಿ ಒಂದೂ ಹಳೆಯ ಮುರಿತವಿಲ್ಲದವಳಿಗೂ. ಬಹಳ ಮಂದಿ ಇಲ್ಲವೆಂದು ನಕ್ಕು ಹೋಗುತ್ತಿದ್ದರು. ಮಾಘದ ಹೊತ್ತಿಗೆ ಏಳು ಮಂದಿ ನಗದೆ ಕೂತರು. ಅವರಲ್ಲಿ ಮೂವರ ಎಲುಬು ಒಂದೂ ಮುರಿದಿರಲಿಲ್ಲ.

ಶಿವಪುತ್ರಪ್ಪ ತನ್ನ ತಮ್ಮನ ಹೆಂಡತಿಯನ್ನು ಕರೆದುಕೊಂಡು ಬಂದವ ಬೆಂಚಿನ ಮೇಲೆ ಅರ್ಧ ತಾಸು ಕೂತು ಸಿಟ್ಟಾದ.

‘ಒಳಗ ಅಂಥಾದ್ದೇನ ಮಾಡ್ತೀರಿ? ಅಕಿ ಹೊರಗ ಬರುಮುಂದ ಕಣ್ಣ ಒರಸ್ಕೋತ ಬಂದ್ಲು’ ಎಂದು ಮನೆಯಲ್ಲಿ ಕೇಳಿದ.

‘ಎಲುಬಿನ ಕೂಡ ಮಾತಾಡ್ತೇವಿ’ ಎಂದಳು ನೀಲಗಂಗಾ.

ಅವನು ಎಂದಿನಂತೆ ಹಾಸ್ಯ ಮಾಡಲಿಲ್ಲ. ತುಸು ಹೊತ್ತು ತಮ್ಮನ ಬಗ್ಗೆ ಯೋಚಿಸಿದ್ದಿರಬೇಕು. ಮುಂದಿನ ಒಂದನೇ ತಾರೀಖು ನೀಲಗಂಗಾ ಮನೆಗೆ ಬಂದಾಗ ಬಿಪಿ ಮಾತ್ರೆ ಮೇಜಿನ ಮೇಲಿತ್ತು. ಚೀಲದ ಮೇಲೆ ಬಸ್‌ಸ್ಟ್ಯಾಂಡಿನ ಅಂಗಡಿಯ ಹೆಸರಿತ್ತು. ಸಂಗಮೇಶನ ಅಂಗಡಿಗೆ ಅವಳು ಯಾಕೆ ಹೋಗುವುದಿಲ್ಲವೆಂದು ಅವನಿಗೆ ಹೊಳೆದಂತಿತ್ತು. ಆದರೂ ಓಣಿಯಲ್ಲಿ ಯಾವ ಸುದ್ದಿಯೂ ಹರಡಲಿಲ್ಲ.

ಚಳಿಗಾಲ ಕಳೆಯಿತು. ಪ್ಲಾಸ್ಟರ್ ಹೋಯಿತು. ಒಂದು ಗಂಟೆ, ಡಬ್ಬಿ, ರಸ್ತೆ ದಾಟುವುದು. ಕೆಲವು ದಿನ ಭುವನೇಶ್ವರಿ ಕಿಟಕಿಯ ಕಡೆ ಅರೆಗಳಿಗೆ ನೋಡುತ್ತಿದ್ದಳು, ಕೆಲವು ದಿನ ಇಲ್ಲ. ಬಾರದ ದಿನ ಡಾಕ್ಟರು ಅವನ ಅಂಗಡಿಗೇ ಹೋಗಿ ಏನೋ ಔಷಧ ಕೇಳಿ, ಮನೆಯವರು ಹೇಗಿದ್ದಾರೆ ಎಂದು ವಿಚಾರಿಸಿ ಬರುತ್ತಿದ್ದರು.

ಏಪ್ರಿಲ್ ಎರಡನೇ ಮಂಗಳವಾರ ಸಂಗಮೇಶ ಔಷಧ ತರಲು ಹುಬ್ಬಳ್ಳಿಗೆ ಹೋಗಿದ್ದ. ಹನ್ನೊಂದು ಗಂಟೆಗೆ ನೀಲಗಂಗಾ ಒಂದು ಮುದುಕಿಯ ಮೊಣಕಾಲು ತೆಗೆದು ಹೊರಬಂದಾಗ ಭುವನೇಶ್ವರಿ ಬಾಗಿಲ ಬಳಿ ನಿಂತಿದ್ದಳು. ಒಂದು ಕೈಯಲ್ಲಿ ಮಗಳು, ಇನ್ನೊಂದರಲ್ಲಿ ಅದೇ ಮೂರು ಅಂತಸ್ತಿನ ಊಟದ ಡಬ್ಬಿ. ಮುಚ್ಚಳ ತೆಗೆದು ತೋರಿಸಿದಳು. ಒಳಗೆ ಅನ್ನ ಸಾರಿರಲಿಲ್ಲ. ಆಧಾರ ಕಾರ್ಡು, ಮಗಳ ಶಾಲೆಯ ಕಾಗದ, ತನ್ನ ಡಿಗ್ರಿ ಸರ್ಟಿಫಿಕೇಟು ಸುರುಳಿ ಸುತ್ತಿ ಇಟ್ಟಿದ್ದಳು. ಡಬ್ಬಿ ಹಿಡಿದು ಹೊರಟ ಹೆಂಗಸನ್ನು ಎಲ್ಲಿಗೆ ಎಂದು ಯಾರು ಕೇಳುತ್ತಾರೆ?

‘ತಂಗಿ ಬಸ್‌ಸ್ಟ್ಯಾಂಡಿನ್ಯಾಗ ನಿಂತಾಳ್ರಿ. ನನ್ನ ಕಾಗದ ಕೊಡ್ರಿ ಅಕ್ಕಾರ.’

ಡಾಕ್ಟರು ಸಂರಕ್ಷಣಾಧಿಕಾರಿಗೆ ಫೋನ್ ಮಾಡಿದರು. ನೀಲಗಂಗಾ ಅವಳನ್ನು ದಾಖಲೆ ವಿಭಾಗದ ಕಿಟಕಿಗೆ ಕರೆದೊಯ್ದಳು. ಅಲ್ಲಿನ ಗುಮಾಸ್ತ ಮಲ್ಲೇಶಪ್ಪ ನಿಯಮಕ್ಕೆ ಗಂಟುಬಿದ್ದ ಮನುಷ್ಯ. ಫಾರಂ ಮುಂದೆ ಸರಿಸಿದ.

‘ಪೇಷಂಟ್ ಸಹಿ ಒಂದ ಸಾಲಂಗಿಲ್ರಿ. ಇಲ್ಲಿ ಪೇಷಂಟ್ ಕಡೆಯವರದೂ ಸಹಿ ಬೇಕು. ಯಜಮಾನ್ರು ಎದುರಿಗೇ ಅದಾರಲ್ರಿ, ಕರೀರಿ.’

ಭುವನೇಶ್ವರಿಯ ಕೈ ಡಬ್ಬಿಯ ಹಿಡಿಯ ಮೇಲೆ ಬಿಗಿಯಾಯಿತು. ನೀಲಗಂಗಾ ಫಾರಮನ್ನು ತನ್ನ ಕಡೆ ಎಳೆದುಕೊಂಡು ಸಹಿ ಹಾಕಿದಳು.

‘ನೀವ್ ಹ್ಯಾಂಗ ಹಾಕ್ತೀರಿ ಮೇಡಂ? ಬಾಜೂಕ ಸಂಬಂಧ ಏನಂತ ಬರೀಬೇಕು.’

ಅವಳು ‘ಎಕ್ಸ್‌ರೇ ಟೆಕ್ನಿಷಿಯನ್’ ಎಂದು ಬರೆದಳು.

‘ಇದು ನೌಕರಿ ಆತ್ರಿ, ಸಂಬಂಧ ಅಲ್ಲ.’

ನೀಲಗಂಗಾಳ ಪೆನ್ನು ನಿಂತಿತು. ತಾನು ಇವಳಿಗೆ ಏನು ಎಂದು ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಓದದೆ ಚೀಟಿ ಕೊಟ್ಟವಳು, ಅಷ್ಟೇ.

‘ಅಕ್ಕ ಅಂತ ಬರೀರಿ’ ಎಂದಳು ಭುವನೇಶ್ವರಿ.

ಅವಳು ಹಾಗೇ ಬರೆದಳು. ಮಲ್ಲೇಶಪ್ಪ ಒಬ್ಬರ ಮುಖ ಇನ್ನೊಬ್ಬರಿಗೆ ಹೋಲಿಸಿ ನೋಡಿದ, ಏನೋ ಕೇಳಬೇಕೆಂದುಕೊಂಡ, ನೀಲಗಂಗಾಳ ಕಣ್ಣು ನೋಡಿ ಬಿಟ್ಟ. ಎದ್ದು ಝೆರಾಕ್ಸಿಗೆ ಹೋದ. ಮೂವರೂ ಬೆಂಚಿನ ಮೇಲೆ ಕೂತರು. ಮಗು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕೊಂಡಿಯನ್ನು ಹಾಕುತ್ತ ತೆಗೆಯುತ್ತ ಇತ್ತು.

‘ಅಕ್ಕಾರ, ಆ ಹುಣಸಿ ಗಿಡದ್ದು ತಗದು ಹಾಕ್ರಿ ಅಂತ ಹೇಳಬೇಕಂದಿದ್ದೆ. ಈಗ ಬ್ಯಾಡ ಅನಸ್ತು. ಇರಲಿ. ಅದಷ್ಟ ನಂದು’ ಎಂದಳು ಭುವನೇಶ್ವರಿ.

ನೀಲಗಂಗಾ ತಲೆಯಾಡಿಸಿದಳು. ಅಷ್ಟರಲ್ಲಿ ಕಿಟಕಿಯಿಂದ ಮಲ್ಲೇಶಪ್ಪ ಕಾಗದ ಹೊರಚಾಚಿ, ಕಾರಿಡಾರಿಗೆಲ್ಲ ಕೇಳುವಂತೆ ಕೂಗಿದ.

‘ಪೇಷಂಟ್ ಕಡೆಯವರು ಯಾರ್ರೀ?’

ನೀಲಗಂಗಾ ಎದ್ದು ನಿಂತಳು.

‘ನಾನ್ರೀ’ ಎಂದಳು. ಹೋಗಿ ಕಾಗದ ತೆಗೆದುಕೊಂಡಳು. ಎರಡು ಹಾಳೆಯನ್ನೂ ಆರು ಸಾಲನ್ನೂ ನಿಂತಲ್ಲೇ ಮೊದಲಿನಿಂದ ಕೊನೆಯ ತನಕ ಓದಿದಳು. ಆಮೇಲೆ ತಂದು ಭುವನೇಶ್ವರಿಯ ಕೈಯಲ್ಲಿಟ್ಟಳು.